ಬೆಂಡೆಯ ಹಳದಿ ನಂಜಿನ ಕಡತ

ಬೆಂಡೆಯ ಹಳದಿ ನಂಜಿನ ಬಗ್ಗೆ ಯಾವ ಪ್ರಬಂಧ ತೆರೆದರೂ ಮೊದಲ ಪುಟದಲ್ಲೇ ಒಂದು ಸಾಲು ಎದುರಾಗುತ್ತದೆ. ರೋಗವನ್ನು ಮೊದಲು ದಾಖಲಿಸಿದವರು ಕುಲಕರ್ಣಿ, ವರ್ಷ 1924, ಸ್ಥಳ ಮುಂಬಯಿ ಪ್ರಾಂತ್ಯ. ಅಚ್ಚಾದದ್ದು ಪುಣೆ ಕೃಷಿ ಕಾಲೇಜಿನ ನಿಯತಕಾಲಿಕದಲ್ಲಿ. ಕುಲಕರ್ಣಿಯವರ ಹೆಸರಿನ ಹಿಂದಿನ ಇಂಗ್ಲಿಷ್ ಅಕ್ಷರ ಕೆಲವು ಪ್ರಬಂಧಗಳಲ್ಲಿ ‘ಸಿ’, ಇನ್ನು ಕೆಲವುಗಳಲ್ಲಿ ‘ಜಿ’. ಮಾಸಿದ ಅಚ್ಚಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಯಾರೋ ಒಬ್ಬರು ತಪ್ಪು ಓದಿದ್ದನ್ನು ಉಳಿದವರು ಮೂಲ ನೋಡದೆ ಇಳಿಸಿಕೊಂಡಿರಬೇಕು. ನಮ್ಮ ಪಿಎಚ್‌ಡಿ ಪ್ರಬಂಧಗಳ ಉಲ್ಲೇಖ ಪಟ್ಟಿ ಓದಿ ರೂಢಿಯಿದ್ದವರಿಗೆ ಇದೇನು ಹೊಸದಲ್ಲ.

‘ಮುಂಬಯಿ ಪ್ರಾಂತ್ಯ’ ಎಂದು ಓದಿದ ಕೂಡಲೇ ಮನಸ್ಸು ಪುಣೆ, ನಾಸಿಕದ ಕಡೆ ಹೋಗುತ್ತದೆ. ಆದರೆ 1924ರಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ ಮೂರೂ ವಿಜಾಪುರ ಜಿಲ್ಲೆಯ ತಾಲೂಕುಗಳು, ವಿಜಾಪುರ ಆ ಪ್ರಾಂತ್ಯದ ಜಿಲ್ಲೆ. ಇಳಕಲ್ ಆಗ ಹುನಗುಂದ ತಾಲೂಕಿನ ನೇಕಾರರ ಊರು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಈ ಬೆಳೆರೋಗದ ಹಳೆಯ ಕಾಗದ ಹುಡುಕುವವರು ಬೆಂಗಳೂರಿನ ಮೈಸೂರು ಸರ್ಕಾರದ ಕಡತಗಳನ್ನು ಬಿಟ್ಟು ಪುಣೆಯ ದಾರಿ ಹಿಡಿಯಬೇಕು.

ಅದಕ್ಕೂ ಹಿಂದಿನದು ಏನಾದರೂ ಇದೆಯೇ ಎಂದು ನೋಡುವವರಿಗೆ ಸಿಗುವುದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಝೆಟಿಯರಿನ ವಿಜಾಪುರ ಸಂಪುಟ, 1884ರದು. ಅದರಲ್ಲಿ ಜೋಳ ಇದೆ, ಹತ್ತಿ ಇದೆ, 1876ರ ಬರ ಇದೆ. ಸಸ್ಯ ವೈರಸ್ಸಿನ ಮಾತು ಅಲ್ಲಿ ಇರಲು ಸಾಧ್ಯವೇ ಇಲ್ಲ. ತಂಬಾಕಿನ ರೋಗ ತರುವ ರಸ ಬ್ಯಾಕ್ಟೀರಿಯ ಸೋಸುವ ಜರಡಿಯನ್ನೂ ದಾಟುತ್ತದೆ ಎಂದು ರಷ್ಯಾದ ಇವಾನೊವ್‌ಸ್ಕಿ ತೋರಿಸಿದ್ದು 1892ರಲ್ಲಿ. ಅದು ಬ್ಯಾಕ್ಟೀರಿಯವಲ್ಲದ ಬೇರೆಯೇ ಜಾತಿಯ ಸೋಂಕು ಎಂದು ಬೈಯರಿಂಕ್ ಹೇಳಿದ್ದು 1898ರಲ್ಲಿ.

ಈ ಹುಡುಕಾಟಕ್ಕೆ ಕಾರಣವಾದದ್ದು ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗಿದ್ದ ಒಂದು ಬೆಂಡೆ ಹೊಲ. ಎಲೆ ಬೆಳಕಿಗೆ ಹಿಡಿದರೆ ನರಗಳೆಲ್ಲ ಅರಿಸಿನ ಹಳದಿ, ನರಗಳ ನಡುವಿನ ಕಣ್ಣು ಇನ್ನೂ ಹಸಿರು. ಹಳದಿ ದಾರದ ಬಲೆಯೊಂದನ್ನು ಎಲೆಯೊಳಗೆ ಹೊಲಿದಂತಿತ್ತು. ಗಿಡದ ಮೇಲಿನ ಎಲೆಗಳಲ್ಲಿ ಆ ಹಸಿರು ಕಣ್ಣುಗಳೂ ಮಾಸಿ ಪೂರ್ತಿ ಹಳದಿ. ಕಾಯಿ ಗಿಡ್ಡ, ಬಿಳಿಚಿಕೊಂಡದ್ದು. ಮುರಿದರೆ ಟಕ್ಕೆನ್ನದೆ ನಾರು ಜಗ್ಗುತ್ತದೆ. ಇಂಥ ಕಾಯಿಯನ್ನು ಇಳಕಲ್ ಸಂತೆಯಲ್ಲಿ ಕೊಳ್ಳುವವರು ಬೆರಳಲ್ಲಿ ತುದಿ ಮುರಿದು ನೋಡಿ ಬುಟ್ಟಿಗೆ ವಾಪಸು ಹಾಕುತ್ತಾರೆ. ಎಲೆ ಮಗುಚಿದಾಗ ಎಳ್ಳಿಗಿಂತ ಸಣ್ಣ ಬಿಳಿನೊಣಗಳು ಪುರ್ರನೆ ಎದ್ದು ಪಕ್ಕದ ಗಿಡದ ಎಲೆಯಡಿ ಸೇರಿಕೊಂಡವು. ಹೊಲದ ಹಿರಿಯರು ಹೇಳಿದರು: “ಎಣ್ಣಿ ಹೊಡದ ಹೊಡದ ಸಾಕಾತ್ರೀ. ನೊಣ ಹೋಗತಾವ, ಹಳದಿ ಹೋಗೂದಿಲ್ಲ.”

ಅವರ ಮಾತಿನ ಮೊದಲರ್ಧಕ್ಕೆ ಕಡತದಲ್ಲಿ ಬೇಕಾದಷ್ಟು ಉತ್ತರ ಇದೆ. ಎರಡನೆಯ ಅರ್ಧಕ್ಕೆ ಉತ್ತರ ಸಿಗಲು 2003ರವರೆಗೆ ಕಾಯಬೇಕಾಯಿತು.

1940ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಉಪ್ಪಲ್, ವರ್ಮ, ಕಪೂರ್ ಮೂವರ ಒಂದು ಟಿಪ್ಪಣಿ ಬಂತು. ಬೆಂಡೆಯ ಈ ರೋಗ ವೈರಸ್ಸಿನಿಂದ ಎಂದು ಹೇಳಿ, ನರಗಳ ಹಳದಿಯನ್ನೇ ಹಿಡಿದು ಅದಕ್ಕೆ ಹೆಸರಿಟ್ಟದ್ದು ಅದರಲ್ಲೇ. ಕೆಲಸ ಮಾಡಿದ್ದು ಪುಣೆಯಲ್ಲಿ, ಅಚ್ಚಾದದ್ದು ಬೆಂಗಳೂರಿನಲ್ಲಿ. ಈ ಪತ್ರಿಕೆಯ ಹಳೆಯ ಸಂಚಿಕೆಗಳು ಈಗ ಯಾರು ಬೇಕಾದರೂ ಓದುವ ಹಾಗೆ ಸಿಗುತ್ತವೆ. 1950ರಲ್ಲಿ ಕಪೂರ್ ಮತ್ತು ವರ್ಮ ದೊಡ್ಡ ಲೇಖನ ಬರೆದರು. ಆಮೇಲೆ ಪಿ.ಎಂ. ವರ್ಮ 1952 ಮತ್ತು 1955ರಲ್ಲಿ ಬಿಳಿನೊಣಕ್ಕೂ ಈ ವೈರಸ್ಸಿಗೂ ಇರುವ ನಂಟನ್ನು ಬಿಡಿಸಿಟ್ಟರು. ನೊಣ ಎಷ್ಟು ಹೊತ್ತು ರಸ ಹೀರಬೇಕು, ಹೀರಿದ ನಂಜು ಅದರ ಮೈಯಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎನ್ನುವ ಅಳತೆಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೈಗೆಟುಕದ ಕಾಲದಲ್ಲಿ, ಗಾಜಿನ ಚಿಮಣಿಯೊಳಗೆ ನೊಣ ಕೂಡಿಹಾಕಿ ದಿನ ಎಣಿಸಿ ಮಾಡಿದ ಕೆಲಸ ಎಂದರೆ ಸುಮ್ಮನೆ ಅಲ್ಲ.

ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶಾಸ್ತ್ರಿ ಮತ್ತು ಸಿಂಗ್ 1974ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಎಲ್ಲರೂ ಹೇಳುವ ಲೆಕ್ಕ. ಮೊಳಕೆಯಾಗಿ 35 ದಿನಕ್ಕೆ ಹಳದಿ ತಗಲಿದರೆ ಇಳುವರಿಯಲ್ಲಿ 94% ನಷ್ಟ, 50 ದಿನಕ್ಕಾದರೆ 84%, 65 ದಿನಕ್ಕಾದರೆ 49%. ವಯಸ್ಸಾದ ಗಿಡ ರೋಗವನ್ನು ಹೆಚ್ಚು ತಾಳುತ್ತದೆ ಎಂದು ಈ ಅಂಕಿಯನ್ನು ಓದುವವರಿದ್ದಾರೆ. ನನಗೆ ಆ ಓದು ಅವಸರದ್ದು ಎನಿಸುತ್ತದೆ. 65 ದಿನದ ಹೊತ್ತಿಗೆ ರೈತ ಎಷ್ಟೋ ಸಲ ಕಾಯಿ ಹರಿದು ಮಾರಿರುತ್ತಾನೆ, ನಷ್ಟ ಕಡಿಮೆ ಕಾಣುವುದರಲ್ಲಿ ಅದರ ಪಾಲೂ ದೊಡ್ಡದು.

ಹೆಚ್ಚು ಕುತೂಹಲ ಹುಟ್ಟಿಸುವ ಕಾಗದ ತಳಿಗಳದ್ದು. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಪೂಸಾ ಸಾವನಿ’ ಒಂದು ಕಾಲಕ್ಕೆ ದೇಶದ ತುಂಬ ಬೆಳೆದ ಬೆಂಡೆ. ಅದರ ಒಬ್ಬ ಪೋಷಕ ‘ಐಸಿ 1542’, ಪಶ್ಚಿಮ ಬಂಗಾಳದ್ದು. ದಾಖಲೆಯಲ್ಲಿ ಅದರ ಮುಂದೆ ಬರೆದದ್ದು ‘ಲಕ್ಷಣ ತೋರದ ವಾಹಕ’ ಎಂದು. ಅಂದರೆ ವೈರಸ್ ಗಿಡದೊಳಗಿದೆ, ಎಲೆ ಹಸಿರಾಗಿದೆ. ಕೆಲವು ವರ್ಷಗಳ ನಂತರ ಪೂಸಾ ಸಾವನಿ ಹೊಲಹೊಲದಲ್ಲಿ ಹಳದಿಗೆ ಬಿತ್ತು. ಆಮೇಲೆ ಕಾಡು ಬೆಂಡೆಯ ಜೊತೆ ಸಂಕರ ಮಾಡಿ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯಿಂದ ಬಂದ ‘ಅರ್ಕಾ ಅನಾಮಿಕ’ ಬಹುಕಾಲ ತಡೆದು ನಿಂತಿತು, ಈಗ ಅದರಲ್ಲೂ ಹಳದಿಯ ವರದಿಗಳಿವೆ. ಅರ್ಧ ಶತಮಾನದ ಈ ತಖ್ತೆಗಳಲ್ಲೆಲ್ಲ ಕಾಲಂಗಳು ಎರಡೇ: ನೊಣ ಎಷ್ಟು, ಹಳದಿ ಎಷ್ಟು. ಒಳಗೆ ವೈರಸ್ ಇದ್ದೂ ಹಸಿರಾಗಿ ನಿಂತ ಗಿಡ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು ಎಂಬುದಕ್ಕೆ ಕಾಲಂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಅದನ್ನು ನೋಡುವ ವಿದ್ಯೆ ಬೇರೆ ಕಡತದಲ್ಲಿ, ಬೇರೆ ಗಿಡಗಳ ಮೇಲೆ ಬೆಳೆಯುತ್ತಿತ್ತು.

ಆ ಕಡತ ಶುರುವಾಗುವುದು ಹೂವಿನಿಂದ. 1990ರಲ್ಲಿ ಅಮೆರಿಕದ ರಿಚರ್ಡ್ ಯೋರ್ಗೆನ್‌ಸನ್ ತಂಡ ಪೆಟೂನಿಯದ ನೇರಳೆ ಬಣ್ಣ ಇನ್ನಷ್ಟು ಗಾಢವಾಗಲಿ ಎಂದು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿತು. ಬಂದ ಹೂಗಳಲ್ಲಿ ಹಲವು ಬಿಳಿ. ಸೇರಿಸಿದ ಜೀನೂ ಸುಮ್ಮನಾಗಿತ್ತು, ಗಿಡದ ಸ್ವಂತ ಜೀನೂ ಸುಮ್ಮನಾಗಿತ್ತು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, ಪ್ರೋಟೀನ್ ಮಾಡದ, ಇನ್ನೊಂದು ಜೀನನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ ಕಂಡರು. ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ. ಅದೇ ಜಾತಿಯ ಹುಳುವಿನಲ್ಲಿ ಎರಡೆಳೆಯ ಆರ್‌ಎನ್‌ಎ ಚುಚ್ಚಿ ಬೇಕಾದ ಜೀನನ್ನು ಸುಮ್ಮನಾಗಿಸಬಹುದು ಎಂದು ಆ್ಯಂಡ್ರೂ ಫೈರ್, ಕ್ರೇಗ್ ಮೆಲ್ಲೊ 1998ರಲ್ಲಿ ತೋರಿಸಿದರು. ಅವರ ನೊಬೆಲ್ ಬೇಗ ಬಂತು, 2006ಕ್ಕೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೂಂಬ್ 1999ರಲ್ಲಿ, ಜೀನು ಸುಮ್ಮನಾದ ಗಿಡಗಳಲ್ಲೂ ವೈರಸ್ ತಗಲಿದ ಗಿಡಗಳಲ್ಲೂ ಸುಮಾರು 25 ಅಕ್ಷರ ಉದ್ದದ ಆರ್‌ಎನ್‌ಎ ತುಂಡುಗಳನ್ನು ಹಿಡಿದರು. ಅದುವರೆಗೆ ಇವು ಯಾರ ಕಣ್ಣಿಗೂ ಬೀಳದಿದ್ದದ್ದಕ್ಕೆ ಕಾರಣ ಸರಳ: ಉದ್ದನೆಯ ಆರ್‌ಎನ್‌ಎ ನೋಡಲು ಓಡಿಸುವ ಜೆಲ್‌ನಲ್ಲಿ ಇಷ್ಟು ಸಣ್ಣವು ಕೊನೆಯಿಂದ ಹೊರಗೆ ಹರಿದು ಹೋಗುತ್ತಿದ್ದವು.

ಈ ತುಂಡುಗಳನ್ನು ಹಿಡಿದು ಕೆಲಸ ಮಾಡುವ ಆರ್ಗೊನಾಟ್ ಎಂಬ ಪ್ರೋಟೀನ್ ಈ ಯಾವ ಕಾಗದದಲ್ಲೂ ಇಲ್ಲ. ಅದು ಸಿಗುವುದು ಎಲೆಯ ಬೆಳವಣಿಗೆ ಎಂಬ ತೀರ ಬೇರೆ ತಲೆಬರಹದಡಿ. 1998ರಲ್ಲಿ ಬೋಮರ್ಟ್ ಮತ್ತು ಸಂಗಡಿಗರು ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಲದ ಗಿಡದಲ್ಲಿ ಒಂದು ಜೀನು ಕೆಟ್ಟ ಸಸಿಗಳನ್ನು ವರ್ಣಿಸಿದರು. ಎಲೆ ಅಗಲವಾಗದೆ ಸಪೂರವಾಗಿ, ಆರ್ಗೊನಾಟ ಎಂಬ ಪುಟ್ಟ ಆಕ್ಟೊಪಸ್ಸಿನ ತೋಳುಗಳಂತೆ ಕಂಡವು, ಅದೇ ಹೆಸರು ಜೀನಿಗೆ ಕೂತಿತು. ಲೇಖನದಲ್ಲಿ ವೈರಸ್ಸಿನ ಸುದ್ದಿಯಿಲ್ಲ, ಜೀನು ಸುಮ್ಮನಾಗುವುದರ ಸುದ್ದಿಯಿಲ್ಲ. ಎರಡೇ ವರ್ಷ ಕಳೆದು, 2000ದಲ್ಲಿ, ಫ್ರಾನ್ಸಿನ ಎರ್ವೆ ವೋಶ್ರೆ ಅವರ ತಂಡ ಗಂಟು ಬಿಚ್ಚಿತು: ಈ ಗಿಡದಲ್ಲಿ ಜೀನು ಸುಮ್ಮನಾಗಿಸುವ ಕೆಲಸವೇ ನಡೆಯುವುದಿಲ್ಲ; ಹುಳುವಿನಲ್ಲಿ, ಶಿಲೀಂಧ್ರದಲ್ಲಿ ಅದೇ ಕೆಲಸಕ್ಕೆ ಬೇಕಾದ ಪ್ರೋಟೀನ್‌ಗಳೂ ಇದೇ ಮನೆತನದವು. ಆರ್ಗೊನಾಟ್ ಸ್ವಲ್ಪ ಕುಂದಿದ ಗಿಡಗಳಿಗೆ ಸೌತೆಯ ಮೊಸಾಯಿಕ್ ವೈರಸ್ ಜೋರಾಗಿ ಹತ್ತುತ್ತದೆ ಎಂದು 2002ರಲ್ಲಿ ಗೊತ್ತಾಯಿತು.

ಕೆಲಸ ನಡೆಯುವ ಬಗೆ ಹೀಗೆ. ಜೀನಿನಿಂದ ಹೊರಡುವ ಸಂದೇಶ ಒಂದೆಳೆಯ ಆರ್‌ಎನ್‌ಎ. ಎರಡೆಳೆಯದು ಕಂಡರೆ ಗಿಡ ಅದನ್ನು ಶಂಕೆಯಿಂದಲೇ ನೋಡುತ್ತದೆ. ಡೈಸರ್ ಎಂಬ ಕಿಣ್ವ ಅದನ್ನು 21, 22 ಇಲ್ಲವೇ 24 ಅಕ್ಷರದ ತುಂಡು ಮಾಡುತ್ತದೆ. ಆರ್ಗೊನಾಟ್ ಒಂದು ತುಂಡು ಎತ್ತಿಕೊಂಡು, ಅದರ ಎರಡೆಳೆಯಲ್ಲಿ ಒಂದನ್ನು ಒಗೆದು ಇನ್ನೊಂದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ತುಂಡಿನ ತಲೆ ಪ್ರೋಟೀನಿನ ‘ಮಿಡ್’ ಭಾಗದಲ್ಲಿ, ಬಾಲ ‘ಪಾಝ್’ ಭಾಗದಲ್ಲಿ, ಕತ್ತರಿ ‘ಪಿವಿ’ ಭಾಗದಲ್ಲಿ. ಎದುರಿಗೆ ಬಂದ ಸಂದೇಶದ ಅಕ್ಷರಗಳು ಒಳಗಿನ ತುಂಡಿಗೆ ಜೋಡಿಯಾಗುತ್ತವೆಯೇ ಎಂದು ತಾಳೆ ನೋಡುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಾರಲ್ಲ, ಜೋಡಣೆ ಆ ನಮೂನೆಯದು. ಎಲ್ಲ ಎಳೆ ಕೂಡಿದರೆ ಒಳಗಿನ ತುಂಡಿನ 10 ಮತ್ತು 11ನೇ ಅಕ್ಷರಗಳ ಎದುರಿಗೆ ಸಂದೇಶ ಕತ್ತರಿಸಿಹೋಗುತ್ತದೆ. ಪ್ರಾಣಿಗಳಲ್ಲಿ ಹಲವು ಸಲ ಅರ್ಧಂಬರ್ಧ ಜೋಡಣೆಯಲ್ಲೇ ಕೆಲಸ ಮುಗಿಯುತ್ತದೆ, ಆಗ ಸಂದೇಶ ತುಂಡಾಗದೆ ಓದುವ ಕೆಲಸ ನಿಲ್ಲುತ್ತದೆ.

ಅರಬಿಡಾಪ್ಸಿಸ್‌ನಲ್ಲಿ ಆರ್ಗೊನಾಟ್‌ಗಳು ಹತ್ತು, ಭತ್ತದಲ್ಲಿ 19. ಎಲ್ಲಕ್ಕೂ ಒಂದೇ ಕೆಲಸವಿಲ್ಲ. ಒಂದನೆಯ ಆರ್ಗೊನಾಟ್ ‘ಯು’ ಅಕ್ಷರದಿಂದ ಶುರುವಾಗುವ 21ರ ತುಂಡನ್ನು ಆರಿಸಿಕೊಂಡು ಸಂದೇಶ ಕತ್ತರಿಸುತ್ತದೆ. ನಾಲ್ಕನೆಯದು 24ರ ತುಂಡು ಹಿಡಿದು ಡಿಎನ್‌ಎ ಹತ್ತಿರ ಹೋಗುತ್ತದೆ, ಅದರ ಮೇಲೆ ಮೀಥೈಲ್ ಗುರುತು ಬೀಳುವಂತೆ ಮಾಡಿ, ಸಂದೇಶ ಹುಟ್ಟುವ ಮೊದಲೇ ಜೀನಿನ ಬಾಯಿ ಕಟ್ಟಿಸುತ್ತದೆ. ಬೆಂಡೆಯ ವಿಷಯಕ್ಕೆ ಇದು ಮುಖ್ಯ. ಹಳದಿ ನಂಜಿನ ವೈರಸ್ಸಿನ ಜೀನುಪತ್ರ ಡಿಎನ್‌ಎ, ಸುಮಾರು 2,700 ಅಕ್ಷರದ ಒಂದು ಉಂಗುರ. ಸಂದೇಶ ಕತ್ತರಿಸಿದ ಮಾತ್ರಕ್ಕೆ ಉಂಗುರ ಹೋಗುವುದಿಲ್ಲ, ಅದರ ಮೇಲೂ ಗುರುತು ಬೀಳಬೇಕು. ನಾಲ್ಕನೆಯ ಆರ್ಗೊನಾಟ್ ಇಲ್ಲದ ಗಿಡಗಳು ಇದೇ ಬಳಗದ ವೈರಸ್ಸಿನಿಂದ ಚೇತರಿಸಿಕೊಳ್ಳಲಾರವು ಎಂದು ಅಮೆರಿಕದ ಓಹಾಯೊದ ಡೇವಿಡ್ ಬಿಸಾರೊ ಪ್ರಯೋಗಾಲಯ 2008ರಲ್ಲಿ ತೋರಿಸಿತು.

ಇಷ್ಟೆಲ್ಲ ಪಹರೆ ಇದ್ದೂ ಮಲಪ್ರಭೆಯ ದಂಡೆಯ ಬೆಂಡೆ ಹಳದಿಯಾಗುವುದೇಕೆ? ಉತ್ತರ ಸಿಕ್ಕಿದ್ದು ಮದುರೈನಲ್ಲಿ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಜೋಸ್ ಮತ್ತು ಆರ್. ಉಷಾ 2003ರಲ್ಲಿ ವೈರಸ್ಸಿನ ಡಿಎನ್‌ಎ ಉಂಗುರವನ್ನು ಬೇರ್ಪಡಿಸಿ, ಬರೀ ಅದನ್ನೇ ಬೆಂಡೆಗೆ ಹಾಕಿದರು. ಎಲೆ ಒಂದಿಷ್ಟು ಮುದುಡಿತು, ಹಳದಿ ಬರಲಿಲ್ಲ. ಅದರ ಜೊತೆಗೆ ಸುಮಾರು 1,350 ಅಕ್ಷರದ ಇನ್ನೊಂದು ಪುಟ್ಟ ಉಂಗುರವನ್ನು ಕೊಟ್ಟಾಗ ಹೊಲದಲ್ಲಿ ಕಾಣುವ ಹಳದಿ ನರ ಹಾಗೆಹಾಗೇ ಬಂತು. ಬೀಟಾ ಉಪಗ್ರಹ ಎಂದು ಕರೆಯುವ ಈ ಪುಟ್ಟ ಉಂಗುರಕ್ಕೆ ತಾನಾಗಿ ಬದುಕುವ ಶಕ್ತಿಯಿಲ್ಲ, ದೊಡ್ಡ ವೈರಸ್ಸಿನ ಹೆಗಲ ಮೇಲೆ ಕೂತು ಬರುತ್ತದೆ. ಅದರಲ್ಲಿರುವುದು ಒಂದೇ ಜೀನು, ಬೀಟಾ-ಸಿ1. ಅದೇ ಮದುರೈ ಗುಂಪು 2007ರಲ್ಲಿ ಆ ಒಂದು ಜೀನಿನ ಕಸುಬನ್ನೂ ಹೊರಗೆಡವಿತು. ಬೀಟಾ-ಸಿ1 ಮತ್ತು ದೊಡ್ಡ ಉಂಗುರದ ಸಿ4 ಎರಡೂ ಗಿಡದ ಜೀನು ಸುಮ್ಮನಾಗಿಸುವ ವ್ಯವಸ್ಥೆಯನ್ನು ಹತ್ತಿಕ್ಕುತ್ತವೆ. ಸೋದರ ವೈರಸ್‌ಗಳಲ್ಲಿ ವಿಧಾನವೂ ಗೊತ್ತಾಗಿದೆ: ಆಫ್ರಿಕದ ಮರಗೆಣಸಿನ ವೈರಸ್ಸಿನ ಎಸಿ4 ಒಂದೆಳೆಯಾದ ಕಿರು ಆರ್‌ಎನ್‌ಎಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಚೀನಾದ ಟೊಮೆಟೊ ವೈರಸ್ಸಿನ ಬೀಟಾ-ಸಿ1 ಮೀಥೈಲ್ ಗುರುತಿಗೆ ಬೇಕಾದ ಸರಬರಾಜನ್ನೇ ಕೆಡಿಸುತ್ತದೆ. ಬೇರೆ ಬಳಗಗಳಲ್ಲಿ ನೇರವಾಗಿ ಆರ್ಗೊನಾಟ್ ಮೇಲೆಯೇ ಬೀಳುವ ವೈರಸ್‌ಗಳಿವೆ, ಪೊಲೆರೊವೈರಸ್‌ಗಳ ‘ಪಿ0’ ಒಂದನೆಯ ಆರ್ಗೊನಾಟನ್ನು ಕೋಶದ ಕಸದ ದಾರಿಗೆ ಅಟ್ಟುತ್ತದೆ.

ಇಲ್ಲಿಗೆ 1998ರ ಆಕ್ಟೊಪಸ್ ಎಲೆಗೂ ಅರ್ಥ ಬರುತ್ತದೆ. ವೈರಸ್ಸನ್ನು ಕತ್ತರಿಸುವ ಅದೇ ಆರ್ಗೊನಾಟ್ ಗಿಡದ ಸ್ವಂತ ಮೈಕ್ರೊ ಆರ್‌ಎನ್‌ಎಗಳನ್ನು ಹಿಡಿದು ಎಲೆಯ ಆಕಾರವನ್ನೂ ತಿದ್ದುತ್ತಿರುತ್ತದೆ. ಎಲೆ ಚಪ್ಪಟೆಯಾಗಿ ಬೆಳೆಯಲು ಬೇಕಾದ ಟಿಸಿಪಿ ಜೀನ್‌ಗಳು ಮಿರ್-319 ಎಂಬ ಮೈಕ್ರೊ ಆರ್‌ಎನ್‌ಎಯ ಹಿಡಿತದಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ನಾಥ್ ಬಹುಕಾಲದಿಂದ ಈ ಜೀನ್‌ಗಳ ಬೆನ್ನು ಹತ್ತಿದವರು. ವೈರಸ್ ಪಹರೆಯನ್ನು ಕೆಡಿಸಿದರೆ ಎಲೆಯ ಕೆಲಸವೂ ಕೆಡುತ್ತದೆ. ಅಂದರೆ ಮುದುಡಿದ ಎಲೆಯಲ್ಲಿ ನಾವು ನೋಡುವ ರೋಗದ ಒಂದು ಪಾಲು ಗಿಡದ ಸ್ವಂತ ಲೆಕ್ಕಪತ್ರ ಅಸ್ತವ್ಯಸ್ತವಾದದ್ದರ ಫಲ. ನೊಣ ಹೋದ ಮೇಲೂ ಅದು ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಹಳದಿ ನರದ ಅತಿ ಹಳೆಯ ದಾಖಲೆ ಮಾತ್ರ ಕೃಷಿ ಇಲಾಖೆಯದ್ದಲ್ಲ, ಒಬ್ಬ ರಾಣಿಯದು. ಕ್ರಿ.ಶ. 752ರಲ್ಲಿ ಜಪಾನಿನ ಸಾಮ್ರಾಜ್ಞಿ ಕೋಕೆನ್ ಒಂದು ಕವಿತೆಯಲ್ಲಿ, ಬೇಸಿಗೆಯಲ್ಲೇ ಹಳದಿಯಾದ ಗಿಡವನ್ನು ಕಂಡದ್ದನ್ನು ಹೇಳಿದ್ದಾಳೆ. ಅದು ಯುಪಟೋರಿಯಂ ಎಂಬ ಗಿಡ ಎಂದು ಗುರುತಿಸಿ, ಇವತ್ತಿನ ಅದೇ ಗಿಡಗಳಿಂದ ವೈರಸ್ ತೆಗೆದು, ಅದರ ಜೊತೆ ಬೀಟಾ ಉಪಗ್ರಹವೂ ಇದೆ ಎಂದು ಸಾಂಡರ್ಸ್, ಸ್ಟ್ಯಾನ್ಲಿ ಮೊದಲಾದವರು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು 2003ರಲ್ಲಿ, ಬೆಂಡೆಯ ಉಪಗ್ರಹ ಸಿಕ್ಕ ವರ್ಷವೇ. 752 ಎಂದರೆ ನಮ್ಮ ಬಾದಾಮಿಯಲ್ಲಿ ಇಮ್ಮಡಿ ಕೀರ್ತಿವರ್ಮನ ಆಳ್ವಿಕೆಯ ಕಡೆಯ ದಿನಗಳು, ರಾಷ್ಟ್ರಕೂಟ ದಂತಿದುರ್ಗ ಬಾಗಿಲಿಗೆ ಬಂದಿದ್ದ. ಪಟ್ಟದಕಲ್ಲಿನ ದೊಡ್ಡ ಗುಡಿಗಳು ಆಗಷ್ಟೇ ಮುಗಿದಿದ್ದವು. ನಮ್ಮ ಶಾಸನಗಳು ದಾನ ಕೊಟ್ಟ ಹೊಲದ ಎಲ್ಲೆಯನ್ನು ಬಂಡೆ, ಹಳ್ಳ, ಮರ ಹೆಸರಿಸಿ ಹೇಳುತ್ತವೆ. ಹೊಲದೊಳಗಿನ ಗಿಡದ ಆರೋಗ್ಯ ಬರೆದಿಡುವುದು ಶಾಸನದ ಕೆಲಸವಾಗಿರಲಿಲ್ಲ.

ಇನ್ನುಳಿದದ್ದು ಬಣ್ಣದ ಪ್ರಶ್ನೆ. ಜೀನು ಸುಮ್ಮನಾಗಿಸುವುದನ್ನು ತಡೆದರೆ ವೈರಸ್ ಹೆಚ್ಚಬೇಕು, ಹಳದಿ ಏಕೆ? ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಸುಪ್ರಿಯ ಚಕ್ರವರ್ತಿ ಅವರ ಗುಂಪು 2015ರಲ್ಲಿ, ಮೂಲಂಗಿಯ ಎಲೆಮುದುಡಿನ ಬೀಟಾ ಉಪಗ್ರಹ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್‌ಗಳ ಕಟ್ಟಡವನ್ನೇ ಹಾಳುಮಾಡುತ್ತದೆ ಎಂದು ತೋರಿಸಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಪಿ.ವಿ. ಶಿವಪ್ರಸಾದ್ ಅವರ ಪ್ರಯೋಗಾಲಯ ಸಿನೆಡ್ರೆಲ್ಲ ಎಂಬ ಕಳೆಗಿಡದ ಹಳದಿ ನರದ ವೈರಸ್ ಹಿಡಿದು ಕೂತಿತು. ಬೀಟಾ-ಸಿ1ಗೆ ಗಿಡ ಅಂಟಿಸುವ ಸುಮೊ ಎಂಬ ಪುಟ್ಟ ಪ್ರೋಟೀನ್ ಬಾಲ ಅದರ ಆಯುಷ್ಯವನ್ನು ಹೇಗೆ ನಿರ್ಧರಿಸುತ್ತದೆ ಎಂದು 2020ರಲ್ಲಿ, ಅದೇ ಬೀಟಾ-ಸಿ1 ಕ್ಲೋರೋಪ್ಲಾಸ್ಟಿನ ಸ್ವಂತ ಡಿಎನ್‌ಎಯನ್ನೇ ಅಸ್ಥಿರಗೊಳಿಸುತ್ತದೆ ಎಂದು 2023ರಲ್ಲಿ ಪ್ರಕಟಿಸಿತು. ಪಹರೆಯವನ ಕೈ ಕಟ್ಟುವ ಪ್ರೋಟೀನೇ ಹಸಿರಿನ ಕಾರ್ಖಾನೆಗೂ ನುಗ್ಗುತ್ತದೆ. ಬೇಲಿ ಸಾಲಿನ ಕಳೆಯ ಮೇಲೆ ಸಂಶೋಧನೆ ಏಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಜವಾಬು ಬೇಡ.

ಇದನ್ನೆಲ್ಲ ಹೊಲಕ್ಕೆ ತರುವ ಮಾತು ಬಂದಾಗ ಹವಾಯಿಯ ಪಪ್ಪಾಯಿಯ ಉದಾಹರಣೆ ಕೊಡುತ್ತಾರೆ. ಉಂಗುರ ಚುಕ್ಕೆ ವೈರಸ್ಸಿನ ಜೀನಿನ ಚೂರನ್ನು ಗಿಡಕ್ಕೆ ಸೇರಿಸಿ, ಗಿಡದ ಪಹರೆಯನ್ನು ಮೊದಲೇ ಎಚ್ಚರಿಸಿಟ್ಟ ‘ರೇನ್‌ಬೊ’ ತಳಿ 1998ರಿಂದ ಅಲ್ಲಿ ಬೆಳೆಯುತ್ತಿದೆ. ಅಂಥ ಬೆಂಡೆ ನಮ್ಮಲ್ಲಿ ಇಲ್ಲ. ಭಾರತದ ಹೊಲಗಳಲ್ಲಿ ವ್ಯಾಪಾರಕ್ಕೆ ಬೆಳೆಯಲು ಅನುಮತಿಯಿರುವ ಕುಲಾಂತರಿ ಬೆಳೆ ಬಿಟಿ ಹತ್ತಿಯೊಂದೇ. ಅದೂ ಅಲ್ಲದೆ ಬೆಂಡೆಯ ಹಳದಿ ಒಂದೇ ವೈರಸ್ಸಿನದಲ್ಲ. ಸಂಶೋಧಕರಾದ ವೆಂಕಟರವಣಪ್ಪ, ಲಕ್ಷ್ಮೀನಾರಾಯಣ ರೆಡ್ಡಿ, ಕೃಷ್ಣಾರೆಡ್ಡಿ ರಾಜ್ಯ ರಾಜ್ಯ ತಿರುಗಿ ತಂದ ಎಲೆಗಳಲ್ಲಿ ಹಲವು ಜಾತಿಯ ವೈರಸ್‌ಗಳು ಹೊರಬಿದ್ದಿವೆ, ಹರಿಯಾಣ, ಭುವನೇಶ್ವರ, ದಿಲ್ಲಿಯ ಹೆಸರು ಹೊತ್ತವು. ಒಂದರ ಅಕ್ಷರಕ್ಕೆ ಹೊಂದಿಸಿದ ಕಿರು ಆರ್‌ಎನ್‌ಎ ಇನ್ನೊಂದಕ್ಕೆ ಪೂರ್ತಿ ತಾಳೆಯಾಗಬೇಕೆಂದಿಲ್ಲ.

ಬಾದಾಮಿಯ ಆ ಹಿರಿಯರ ಕೈಯಲ್ಲಿ ಬೀಜದ ಖಾಲಿ ಪಾಕೀಟು ಇತ್ತು, ಮೇಲೆ ‘ಹಳದಿ ನಂಜು ನಿರೋಧಕ’ ಎಂದು ಅಚ್ಚಾಗಿತ್ತು. “ಇದು ಖರೇ ಏನ್ರೀ?” ಎಂದರು. ನಾನು ಪೂಸಾ ಸಾವನಿಯ ಕಥೆ ಹೇಳಿದೆ, ಒಳಗೆ ನಂಜಿಟ್ಟುಕೊಂಡೇ ಹಸಿರಾಗಿದ್ದ ಅದರ ಪೋಷಕ ತಳಿಯ ಕಥೆಯನ್ನೂ. ಈಗ ಪಿಸಿಆರ್ ಪರೀಕ್ಷೆಯಲ್ಲಿ ಹಸಿರು ಎಲೆಯೊಳಗಿನ ವೈರಸ್ಸೂ ಸಿಕ್ಕಿಬೀಳುತ್ತದೆ. ಪಾಕೀಟಿನ ಮೇಲಿನ ಮಾತು ಎಲೆಯ ಬಣ್ಣ ನೋಡಿ ಬರೆದದ್ದೋ ಒಳಗಿನ ವೈರಸ್ ಅಳೆದು ಬರೆದದ್ದೋ ಎಂದು ಬೀಜದಂಗಡಿಯಲ್ಲಿ ಕೇಳಬೇಕು ಎಂದೆ. 1974ರ ತಖ್ತೆಯನ್ನೂ ಹೇಳಿದೆ: ಮೊದಲ ಒಂಬತ್ತು ವಾರ ಕಾದರೆ ಅರ್ಧ ಬೆಳೆ ಕಾದಂತೆ, ಹೊಲದ ಸುತ್ತ ಗೋವಿನಜೋಳದ ಸಾಲು, ಒಳಗೆ ಹಳದಿ ಅಂಟು ಹಾಳೆ, ಹಳದಿ ತಿರುಗಿದ ಸಸಿ ಕಂಡ ದಿನವೇ ಕಿತ್ತು ಹೊಲದ ಹೊರಗೆ ಹುಗಿಯುವುದು. ಅವರು ಕೇಳಿಸಿಕೊಂಡು, “ಕೀಳೂದು ಗೊತ್ತೈತ್ರೀ. ಆದ್ರ ಬಾಜೂ ಹೊಲದಾವ ಕೀಳಬೇಕಲ್ಲ,” ಎಂದು ಬದುವಿನಾಚೆಯ ಹೊಲ ತೋರಿಸಿದರು. ಅಲ್ಲಿ ಕಾಯಿ ಹರಿದು ಮುಗಿಸಿ ಹಾಗೆಯೇ ಬಿಟ್ಟ ಹಳೆಯ ಬೆಂಡೆ, ನೆತ್ತಿಯಿಂದ ಬುಡದವರೆಗೆ ಹಳದಿಯಾಗಿ ನಿಂತಿತ್ತು.